ಲೆನ್ಸ್ ಹಿಡಿದು ನೋಡಬೇಕಾದ ಸೀತಾಳೆ

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಸೀತಾಳೆ ಎಂದರೆ ಮುಂಗಾರಿನ ಹೊತ್ತಿಗೆ ಗುಲಾಬಿ ಗೊಂಚಲು ಇಳಿಬಿಡುವ ಸೀತಾಳೆ ದಂಡೆಯೇ ನೆನಪಾಗುವುದು. ಅದು ಬೆಳೆದ ಹಲಸಿನ ಕೊಂಬೆಯಲ್ಲೇ, ಪಾಚಿಯ ನಡುವೆ ಒಬೆರೋನಿಯಾ ಎಂಬ ಪುಟ್ಟ ಸೀತಾಳೆ ಇದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನೋಡಿದರೂ ಕಾಣಬೇಕಲ್ಲ! ಹೂವಿನ ಅಗಲ 2 ಮಿಲಿಮೀಟರ್ ಆಸುಪಾಸು.

1830ರಲ್ಲಿ ಜಾನ್ ಲಿಂಡ್ಲೆ ಈ ಕುಲಕ್ಕೆ ಶೇಕ್ಸ್‌ಪಿಯರನ ನಾಟಕದಲ್ಲಿ ಬರುವ ಯಕ್ಷರಾಜ ಒಬೆರಾನ್‌ನ ಹೆಸರಿಟ್ಟ. ಗಿಡವನ್ನು ಗುರುತಿಸಲು ಹೂವಿಗಿಂತ ಎಲೆಯೇ ವಾಸಿ. ಬಜೆಯ ಎಲೆಗಳ ಹಾಗೆ ಒಂದರ ಬುಡವನ್ನು ಇನ್ನೊಂದು ಅಪ್ಪಿಕೊಂಡು, ಎರಡೇ ಸಾಲಿನಲ್ಲಿ ಬೀಸಣಿಗೆಯಂತೆ ಹರಡಿರುತ್ತವೆ. ಡೆಂಡ್ರೋಬಿಯಂ ಕುಲದ ಸೀತಾಳೆಗಳು ಉಬ್ಬಿದ ಕಾಂಡದಲ್ಲಿ ನೀರು ಕೂಡಿಡುತ್ತವೆ. ಒಬೆರೋನಿಯಾಕ್ಕೆ ಆ ಅನುಕೂಲವಿಲ್ಲ, ದಪ್ಪ ಎಲೆಯೇ ಟ್ಯಾಂಕಿ. ಮಳೆ ನಿಂತ ಮೇಲೆ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ಅದರಲ್ಲೇ ದಿನ ದೂಡಬೇಕು.

ಬೀಸಣಿಗೆಯ ನಡುವಿನಿಂದ ತೆಳ್ಳನೆಯ ತೆನೆ ಹೊರಡುತ್ತದೆ. ಅದರ ಸುತ್ತ ನೂರಾರು ಹೂಗಳು. ಸಾಮಾನ್ಯವಾಗಿ ತುದಿಯವು ಮೊದಲು ಅರಳಿ, ಬುಡದವು ಆಮೇಲೆ. ಲೆನ್ಸ್ ಹಿಡಿದರೆ ಆ ಚುಕ್ಕಿಯೊಳಗೆ ಮೂರು ಪುಷ್ಪಪತ್ರ, ಎರಡು ದಳ, ಒಂದು ತುಟಿ, ಗಂಡು ಹೆಣ್ಣು ಭಾಗಗಳು ಕೂಡಿದ ಕಂಬ, ನಾಲ್ಕು ಪರಾಗದ ಉಂಡೆ. ದೊಡ್ಡ ಸೀತಾಳೆಯಲ್ಲಿ ಇರುವುದೆಲ್ಲ ಇಲ್ಲೂ ಇದೆ, ಒಂದೂ ಕಡಿಮೆಯಾಗಿಲ್ಲ.

ಬೀಜ ಧೂಳಿನಷ್ಟು ಹಗುರ. ಗಾಳಿಯಲ್ಲಿ ತೇಲಲು ಅದು ಸರಿ, ಆದರೆ ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ತೊಗಟೆಯಲ್ಲಿರುವ ಶಿಲೀಂಧ್ರ ಉಣಿಸಿದರೆ ಮಾತ್ರ ಬದುಕು. ಸೀತಾಳೆಗಳ ಈ ಋಣವನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. ಹೀಗಾಗಿ ಲಕ್ಷಗಟ್ಟಲೆ ಬೀಜ ಹಾರಿದರೂ ಗಿಡವಾಗುವುದು ಬೆರಳೆಣಿಕೆಯಷ್ಟು.

ಒಬೆರೋನಿಯಾವನ್ನು ಬಂದಳಿಕೆ ಎಂದು ಕಿತ್ತೆಸೆಯುವವರಿದ್ದಾರೆ. ಅದು ಅನ್ಯಾಯ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಒಬೆರೋನಿಯಾದ ಬೇರು ತೊಗಟೆಯ ಮೇಲಷ್ಟೇ ಹರಿದಾಡುತ್ತದೆ. ಬೇರಿಗೆ ಸತ್ತ ಕೋಶಗಳ ಬಿಳಿ ಹೊದಿಕೆಯಿದ್ದು, ಮಳೆನೀರನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಮರದಿಂದ ಅದು ಪಡೆಯುವುದು ನಿಲ್ಲಲು ಜಾಗ ಮಾತ್ರ.

ಆ ಜಾಗವೇ ಈಗ ಕಡಿಮೆಯಾಗುತ್ತಿದೆ. ಹಲಸು, ಅತ್ತಿ, ನಂದಿ ಹೋಗಿ ಸಿಲ್ವರ್ ಓಕ್ ಬಂದ ತೋಟದಲ್ಲಿ ಸೀತಾಳೆಗಳು ಅಪರೂಪ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಕೊಂಬೆಯ ಜೊತೆ ನೆಲಕ್ಕೆ ಬಿದ್ದವು ಸೌದೆಯ ರಾಶಿಯಲ್ಲಿ ಒಣಗುತ್ತವೆ. ತೋಟದವರಲ್ಲಿ ಒಂದು ಕೋರಿಕೆ: ಮುಂದಿನ ಮರಗಸಿಯ ದಿನ ಬಿದ್ದ ಕೊಂಬೆಗಳನ್ನೊಮ್ಮೆ ನೋಡಿ. ಬೀಸಣಿಗೆಯಂಥ ಗಿಡ ಕಂಡರೆ ತೊಗಟೆ ಸಮೇತ ಬಿಡಿಸಿ, ಹತ್ತಿರದ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿಬಿಡಿ.