ಕೊಳವೆಗೆ ನಕ್ಷೆ ಬರೆಯುವ ಗಣಕಯಂತ್ರ

ದೊಡ್ಡ ಕಟ್ಟಡದ ಉಕ್ಕಿನ ಕೊಳವೆಗಳನ್ನು ಕಾರ್ಖಾನೆಯಲ್ಲಿಯೇ ಕತ್ತರಿಸಿ, ಬೆಸೆದು, ಭಾಗಭಾಗವಾಗಿ ಸಾಗಿಸುವುದುಂಟು. ಪ್ರತಿಯೊಂದು ಭಾಗಕ್ಕೂ ನಕ್ಷೆ ಬೇಕು. ಅಳತೆ ತಪ್ಪಿದರೆ ಕೊಳವೆ ತನ್ನ ಜಾಗದಲ್ಲಿ ಕೂಡದು.

ಒಂದು ಲೆಕ್ಕ ಮಾಡೋಣ. 4 ಅಂಗುಲದ ಕೊಳವೆಸಾಲಿನಲ್ಲಿ ಎರಡು ಎಲ್ಬೋಗಳ ಕೇಂದ್ರಗಳಿಗೆ 1000 ಮಿ.ಮೀ. ಅಂತರವಿದೆಯೆನ್ನೋಣ. 90 ಡಿಗ್ರಿಯ ದೀರ್ಘತ್ರಿಜ್ಯದ ಎಲ್ಬೋ ಕೇಂದ್ರದಿಂದ ತುದಿಗೆ 152 ಮಿ.ಮೀ. ಇರುತ್ತದೆ. ಬೆಸುಗೆಗಾಗಿ ಎರಡು ಕಡೆಯೂ 3 ಮಿ.ಮೀ. ಸಂದು ಬಿಟ್ಟರೆ, ಕತ್ತರಿಸಬೇಕಾದ ಕೊಳವೆ 690 ಮಿ.ಮೀ. ಮಾತ್ರ.

ಇಂತಹ ನೂರಾರು ಲೆಕ್ಕಗಳಲ್ಲಿ ಮನುಷ್ಯನ ಕಣ್ಣು ತಪ್ಪುವುದು ಸಹಜ. ‘ರೆವಿಟ್’ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶಕ್ಕೆ ಈ ನಿಯಮವನ್ನು ಅಳವಡಿಸಿದ ‘ಆಡ್-ಇನ್’ ಜೋಡಿಸಿದರೆ, ಅದು ಅಳತೆಗಳನ್ನು ಓದಿ ನಕ್ಷೆಯನ್ನೂ ಸಾಮಗ್ರಿಪಟ್ಟಿಯನ್ನೂ ತಾನೇ ಸಿದ್ಧಪಡಿಸುತ್ತದೆ.

ಆದರೆ ಸಂದಿನ ಅಳತೆಯನ್ನು ನಾವೇ ತಪ್ಪಾಗಿ ಕೊಟ್ಟರೆ ಎಲ್ಲ ನಕ್ಷೆಗಳೂ ತಪ್ಪುತ್ತವೆ. ಆದುದರಿಂದ ಮೊದಲ ನಕ್ಷೆಯನ್ನು ನಾವೇ ಕೂಡಿ ಕಳೆದು ನೋಡಬೇಕು.