ಪದಸಂಚಯವೂ ಪರೀಕ್ಷೆಯೂ

ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕಾಗಿ ಪ್ರೌಢಶಾಲಾ ವಿದ್ಯಾರ್ಥಿಗಳು ಬರೆಯುವ ಎಸ್.ಎ.ಟಿ. ಪರೀಕ್ಷೆಯು 1926ರಲ್ಲಿ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್‌ನ ನೇತೃತ್ವದಲ್ಲಿ ಆರಂಭವಾಯಿತು. ಶಬ್ದಜ್ಞಾನವನ್ನು ಬುದ್ಧಿಯ ಅಳತೆಗೋಲಾಗಿ ಬಳಸುವ ಪದ್ಧತಿಯು ಅದರೊಡನೆ ಬೇರೂರಿತು. ಪದಪಟ್ಟಿಗಳ ಕಂಠಪಾಠವೂ ಬೆನ್ನಹಿಂದೆಯೇ ಬಂದಿತು.

ಇಂತಹ ಪದಗಳನ್ನು ಒಂದೊಂದಾಗಿ ಉರುಹೊಡೆಯುವುದಕ್ಕಿಂತ ಲ್ಯಾಟಿನ್, ಗ್ರೀಕ್ ಧಾತುಗಳ ಮೂಲಕ ಕಲಿಯುವುದು ಸುಲಭವೆಂಬುದರಲ್ಲಿ ಸಂದೇಹವಿಲ್ಲ. 'ಬೆನೆ' ಎಂದರೆ ಒಳಿತು, 'ಮಾಲೆ' ಎಂದರೆ ಕೆಡುಕು ಎಂದರಿತವನಿಗೆ 'ಬೆನೆವೊಲೆಂಟ್', 'ಮಲೆವೊಲೆಂಟ್' ಎಂಬೆರಡೂ ಒಮ್ಮೆಗೇ ತಿಳಿಯುತ್ತವೆ. ಗ್ರೀಕಿನ 'ಡಿಸ್' ಎಂಬ ಉಪಸರ್ಗವಂತೂ 'ದುಸ್ಥಿತಿ', 'ದುರ್ಗತಿ'ಗಳಲ್ಲಿ ನಾವು ಕಾಣುವ ಸಂಸ್ಕೃತ ಉಪಸರ್ಗದ ಸೋದರವೇ ಸರಿ.

ಆದರೆ ಧಾತುವನ್ನೇ ನೆಚ್ಚಿದವನು ಮೋಸಹೋಗುವುದೂ ಉಂಟು. 'ಎಗ್ರೀಜಿಯಸ್' ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಹಿಂಡಿನಿಂದ ಹೊರನಿಂತದ್ದು, ಎಂದರೆ ಶ್ರೇಷ್ಠವಾದದ್ದು, ಎಂದರ್ಥ. 16ನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಹೊಗಳಿಕೆಯೂ ಆಗಿದ್ದಿತು. ಇಂದು ಘೋರವಾದ ತಪ್ಪಿಗೆ ಸಲ್ಲುವ ವಿಶೇಷಣ. ಹಳೆಯ ದಾಖಲೆಯನ್ನು ಓದುವ ಇತಿಹಾಸದ ವಿದ್ಯಾರ್ಥಿಯು ಇದನ್ನು ಮರೆತರೆ ಸ್ತುತಿಯನ್ನು ನಿಂದೆಯೆಂದೇ ಬಗೆದಾನು. ಪರೀಕ್ಷೆಯಲ್ಲಿ ಕಳೆದುಹೋಗುವ ಅಂಕಕ್ಕಿಂತ ಇದು ದೊಡ್ಡ ನಷ್ಟವೆಂದು ನನ್ನ ಭಾವನೆ.

ಪರೀಕ್ಷಕರೂ ಸಂದರ್ಭದ ಮಹತ್ವವನ್ನು ಕ್ರಮೇಣ ಮನಗಂಡಂತೆ ತೋರುತ್ತದೆ. ವಿರುದ್ಧಪದಗಳ ಪ್ರಶ್ನೆಗಳನ್ನು 1994ರಲ್ಲಿಯೂ ಪದಸಾದೃಶ್ಯದ ಪ್ರಶ್ನೆಗಳನ್ನು 2005ರಲ್ಲಿಯೂ ಕೈಬಿಡಲಾಯಿತು. 2016ರಿಂದ ಅಪರೂಪದ ಪದಗಳಿಗೆ ಬದಲಾಗಿ, ವಾಕ್ಯದೊಳಗೆ ಪದಕ್ಕೊದಗುವ ಅರ್ಥವನ್ನು ಕೇಳಲಾಗುತ್ತಿದೆ.