ಕೊಂಬೆಯ ಕೊರಳು ಬಲ್ಲವರ ಕೂಲಿ

ಅಥಣಿ, ರಾಯಬಾಗ, ಜಮಖಂಡಿ ಕಡೆ ‘ಮಿರಜಿಗೆ ಹೋಗ್ಯಾರ’ ಅಂದರೆ ಕೇಳಿದವರು ಮೊದಲು ಕೇಳುವುದು ‘ಯಾರಿಗೆ ಆರಾಮಿಲ್ಲ?’ ಎಂದು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಹಾರಾಷ್ಟ್ರದ ಈ ಗಡಿಯೂರಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಮಿರಜ ವೈದ್ಯರ ಊರಾಯಿತು. ಇಂದಿಗೂ ಕೃಷ್ಣೆಯ ಆಚೆ-ಈಚೆಯ ಕನ್ನಡದ ಹಳ್ಳಿಗಳವರು ಆಪರೇಷನ್ನಿಗೆ ಇಲ್ಲಿಗೇ ಬರುತ್ತಾರೆ. ಬೀದಿಯುದ್ದಕ್ಕೂ ಸರ್ಜನ್ನರ ಬೋರ್ಡುಗಳು. ಆ ಬೋರ್ಡುಗಳ ಮೇಲೆ ನೆರಳು ಹಿಡಿದು ನಿಂತ ಬೇವು, ಹುಣಸೆ, ಆಲಗಳಿಗೂ ಪ್ರತಿವರ್ಷ ಮಳೆಗೆ ಮುಂಚೆ ಕತ್ತಿ ಬೀಳುತ್ತದೆ. ಆ ಕತ್ತಿ ಹಿಡಿದವರಿಗೆ ಬೋರ್ಡಿಲ್ಲ. ‘ಗಿಡಾ ಕಡ್ಯಾಂವ’ ಎಂಬುದಷ್ಟೇ ಅವರ ಹೆಸರು.

ನಮ್ಮ ಅಕ್ಕ ಇರುವುದು ಮಿರಜಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಕಂಪೌಂಡಿನ ಮೂಲೆಯಲ್ಲಿ ಹಳೆಯ ಹುಣಸೆಮರವಿದೆ. ಒಂದು ಮೇ ತಿಂಗಳು ಅದರ ಟೊಂಗೆ ತೆಗೆಯಲು ಜತ್ತ ತಾಲೂಕಿನ ಕಡೆಯವರೊಬ್ಬರು ಬಂದಿದ್ದರು. ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ. ಸೊಸೈಟಿಯ ಹಿರಿಯರು ಒಂದೇ ಮಾತು ಹೇಳಿದರು: ‘ಪೂರಾ ಬೋಳಿಸಿಬಿಡು. ಇನ್ನ ಐದ್ ವರ್ಷ ಈ ಕಟಕಟಿ ಬ್ಯಾಡ.’

‘ಕಾಕಾ, ತಲಿ ತಗದ್ರ ಗಿಡ ಸುಮ್ನಿರೂದಿಲ್ಲರಿ. ಮಳಿ ಬಿದ್ದಕೂಡ್ಲೆ ಹತ್ತ್ ಕಡೆ ಚಿಗತೈತಿ. ಆ ಚಿಗುರು ಟೊಂಗಿ ಆದಮ್ಯಾಲ ಅದಕ್ಕ ಬುಡಾ ಗಟ್ಟಿ ಇರೂದಿಲ್ಲ. ಗಾಳಿಗಿ ಕಿತ್ಕೊಂಡ ಬೀಳತೈತಿ.’

ಟೊಂಗೆ ತೆಗೆಯಲು ಬಂದವರ ಆ ಮಾತು ಅಕ್ಷರಶಃ ನಿಜ. ತುದಿ ಬೋಳಿಸಿದ ಮರ ಹಸಿವಿನಿಂದ ಕಂಗೆಟ್ಟು ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸುತ್ತದೆ. ಹಾಗೆ ಎದ್ದ ಕೊಂಬೆಗಳು ಹಳೆಯ ಕೊಂಬೆಗಳಂತೆ ಕಾಂಡದ ಒಡಲೊಳಗಿಂದ ಬಂದವಲ್ಲ, ಮೇಲಿನ ಪದರಕ್ಕೆ ಅಂಟಿಕೊಂಡವು. ಬೋಳಿಸಿದ ಕಡೆ ಕೊಳೆಯೂ ಇಳಿಯುತ್ತದೆ. ಐದು ವರ್ಷದ ಮೇಲೆ ಆ ಮರ ಮೊದಲಿಗಿಂತ ಅಪಾಯದ್ದು. ಆದರೆ ಅಂದು ಅಲ್ಲಿ ಮೊದಲಿಗೆ ಗೆದ್ದದ್ದು ದುಡ್ಡು ಕೊಡುವವರ ಧ್ವನಿ. ಹುಡುಗನಿಗೆ ಹೇಳಿದಂತೆ ಏಕವಚನದಲ್ಲಿ ಒಂದರ ಹಿಂದೊಂದು ಷರತ್ತು ಬಂದವು. ಶೆಡ್ಡಿನ ಪತ್ರಾ ಒಡೆದರೆ ಕೂಲಿಯಲ್ಲಿ ಮುರಿಯುವುದು, ಎಲೆ ಪಕ್ಕದವರ ಅಂಗಳಕ್ಕೆ ಬೀಳಬಾರದು, ಕರೆಂಟಿನ ತಂತಿ ತಾನೇ ನೋಡಿಕೊಳ್ಳಬೇಕು, ಮಧ್ಯಾಹ್ನದೊಳಗೆ ಕಸವೆಲ್ಲ ಎತ್ತಬೇಕು. ಕೊನೆಗೆ ಕೂಲಿಯ ಮಾತು ಬಂದಾಗ: ‘ಕಟ್ಟಿಗಿ ನೀನ ಒಯ್ಯಿ, ಮ್ಯಾಲ ಒಂದಿಷ್ಟು ಕೊಡ್ತೇವಿ.’

ಇಡೀ ಕಸುಬಿನ ಕೇಡು ಆ ಒಂದು ವಾಕ್ಯದಲ್ಲಿದೆ ಎಂದು ನನಗೆ ಅನ್ನಿಸಿದೆ. ಕಟ್ಟಿಗೆಯೇ ಕೂಲಿಯಾದರೆ ಹೆಚ್ಚು ಕಡಿದವರಿಗೆ ಹೆಚ್ಚು ಗಳಿಕೆ. ವಖಾರಿಯ ತಕ್ಕಡಿಗೆ ಟೊಂಗೆಯ ತೂಕ ಗೊತ್ತು, ಬಿಟ್ಟ ಟೊಂಗೆಯ ವಿವೇಕ ಗೊತ್ತಿಲ್ಲ. ‘ಇಷ್ಟು ಸಾಕು’ ಎಂದು ಕೈ ತಡೆದವರು ಅಂದಿನ ಊಟದಲ್ಲೇ ಕಡಿಮೆ ಮಾಡಿಕೊಳ್ಳಬೇಕು. ಮರ ಉಳಿಸುವುದನ್ನು ಬಡವರ ಸ್ವಂತ ಖರ್ಚಿಗೆ ಬಿಟ್ಟಿದ್ದೇವೆ.

ಜತ್ತದವರು ಬರಿಗಾಲಲ್ಲಿ ಮರ ಹತ್ತಿದರು. ಸೊಂಟಕ್ಕೆ ಒಂದು ಹಗ್ಗ, ಬೆನ್ನಿಗೆ ಗರಗಸ, ತಲೆಗೆ ಸುತ್ತಿದ ಟವೆಲ್ಲು. ಭಾರದ ಟೊಂಗೆಗೆ ಮೊದಲು ಕೆಳಗಿನಿಂದ ಒಂದು ಗೀರು ಹಾಕಿದರು, ಆಮೇಲೆ ಅದಕ್ಕಿಂತ ಒಂದು ಗೇಣು ಆಚೆ ಮೇಲಿನಿಂದ ಕೊಯ್ದರು. ಟೊಂಗೆ ತೊಗಟೆ ಸೀಳದೆ ಕಳಚಿ ಹಗ್ಗದಲ್ಲಿ ಇಳಿಯಿತು. ಉಳಿದ ಮೋಟನ್ನು ಕಾಂಡಕ್ಕೆ ಸಪಾಟಾಗಿ ಕತ್ತರಿಸಲಿಲ್ಲ. ಟೊಂಗೆ ಹುಟ್ಟುವಲ್ಲಿ ಕೊರಳಪಟ್ಟಿಯಂತೆ ಉಬ್ಬಿದ ಜಾಗವಿರುತ್ತದಲ್ಲ, ಅದನ್ನು ಬಿಟ್ಟು ಹೊರಗೆ ಕೊಯ್ದರು.

ಆ ಉಬ್ಬಿನ ಮಹತ್ವವನ್ನು ಜಗತ್ತಿಗೆ ತಿಳಿಸಲು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ವರ್ಷಗಟ್ಟಲೆ ಮರಗಳನ್ನು ಉದ್ದುದ್ದ ಸೀಳಿ ನೋಡಬೇಕಾಯಿತು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಸತ್ತ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿ ದೂರವಿಟ್ಟು ಮುಂದೆ ಬೆಳೆಯುತ್ತದೆ. ಗೋಡೆ ಕಟ್ಟುವ ಸಾಮಗ್ರಿ ಆ ಕೊರಳಲ್ಲಿದೆ. ಅದನ್ನೇ ಕೊಯ್ದು ಮೇಲೆ ಡಾಂಬರು ಬಳಿದರೆ ಕಣ್ಣಿಗೆ ಅಚ್ಚುಕಟ್ಟು, ಮರಕ್ಕೆ ಪ್ರಯೋಜನವಿಲ್ಲ. ಜತ್ತದ ಆ ಕೈಗೆ ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ‘ದ್ರಾಕ್ಷಿ ಕಲಿಸೈತ್ರಿ’ ಎಂದರು.

ನಾನು ದಂಗಾಗಿ ನಿಂತೆ. ಸಾಂಗಲಿ ಜಿಲ್ಲೆಯಲ್ಲಿ ಕತ್ತರಿ ಹಿಡಿಯುವ ಕೆಲಸಕ್ಕೆ ಬೆಲೆಯೇ ಇಲ್ಲವೆಂದು ಹೇಗೆ ಹೇಳಲಿ? ತಾಸಗಾಂವ, ಮಿರಜ, ಕವಠೆಮಹಾಂಕಾಳದ ದ್ರಾಕ್ಷಿ ತೋಟಗಳು ನಿಂತಿರುವುದೇ ಛಾಟಣಿಯ ಮೇಲೆ. ವರ್ಷಕ್ಕೆ ಎರಡು ಸಲ ಬಳ್ಳಿ ಸವರಬೇಕು. ಕೊಯ್ಲು ಮುಗಿದು ಏಪ್ರಿಲ್ ಹೊತ್ತಿಗೆ ಖರಡ ಛಾಟಣಿ, ಅಕ್ಟೋಬರ್ ಆಸುಪಾಸಿನಲ್ಲಿ ಫಳ ಛಾಟಣಿ. ಎರಡನೆಯದರಲ್ಲಿ ಕಾಡಿಯ, ಅಂದರೆ ಬಳ್ಳಿಯ ಕಡ್ಡಿಯ, ಎಷ್ಟನೆಯ ಕಣ್ಣಿನ ಮೇಲೆ ಕತ್ತರಿ ಇಡಬೇಕು ಎಂಬುದರ ಮೇಲೆ ಇಡೀ ವರ್ಷದ ಗೊನೆ ನಿಂತಿದೆ. ಅದಕ್ಕೇ ತೋಟದವರು ಕಾಡಿಗಳನ್ನು ಪ್ರಯೋಗಶಾಲೆಗೆ ಒಯ್ದು ಯಾವ ಕಣ್ಣಲ್ಲಿ ಗೊನೆ ಅಡಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಎಕರೆ ಲೆಕ್ಕದಲ್ಲಿ ಟೋಳಿಯೊಂದಿಗೆ ಗುತ್ತಿಗೆ ಮಾತಾಡುತ್ತಾರೆ, ಕೈ ಚಲೋ ಇದ್ದ ಟೋಳಿಗೆ ಮುಂಚೆಯೇ ಹಣ ಕೊಟ್ಟು ಕಾಯುತ್ತಾರೆ. ಆ ಟೋಳಿಗಳಲ್ಲಿ ನಮ್ಮ ಗಡಿಯ ಕನ್ನಡಿಗರೂ ಇದ್ದಾರೆ. ಅಲ್ಲಿಯೂ ಎಲ್ಲ ಸುಖವಿಲ್ಲ. ಫಳ ಛಾಟಣಿಯ ಹಿಂದೆಯೇ ಕಣ್ಣುಗಳಿಗೆ ಹಚ್ಚುವ ಹೈಡ್ರೋಜನ್ ಸೈನಮೈಡ್ ಚರ್ಮ ಸುಡುವ ವಿಷ, ಕೈಗವಸಿಲ್ಲದೆ ಮುಟ್ಟುವಂಥದ್ದಲ್ಲ. ಆದರೂ ಎಲ್ಲಿ ಕತ್ತರಿ ನಿಲ್ಲಬೇಕು ಎಂಬ ಅರಿವಿಗೆ ಅಲ್ಲಿ ಬೆಲೆಯಿದೆ. ಹೆಸರೂ ಇದೆ. ‘ತಾಸ್-ಎ-ಗಣೇಶ’ ಎಂಬ ದ್ರಾಕ್ಷಿ ತಳಿಯ ಹೆಸರಿನ ನಡುವಿನ ‘ಎ’, ಅದನ್ನು ಆರಿಸಿ ಬೆಳೆಸಿದ ತಾಸಗಾಂವ ತಾಲೂಕಿನ ರೈತ ವಸಂತರಾವ್ ಆರ್ವೆ ಅವರದು.

ಕೆಲಸವೇ ಮನೆತನದ ಹೆಸರಾಗುವುದು ಮಿರಜಿಗೆ ಹೊಸದೂ ಅಲ್ಲ. ಇಲ್ಲಿ ತಂಬೂರಿ, ಸಿತಾರ ಮಾಡುವವರು ‘ಸಿತಾರ್‌ಮೇಕರ್’ ಎಂದೇ ಅಡ್ಡಹೆಸರು ಇಟ್ಟುಕೊಂಡಿದ್ದಾರೆ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತು ಸಿಕ್ಕಿತು. ಕಡಿದ ಮರದಿಂದ ನಾದ ತೆಗೆಯುವ ಕೈಗೆ ಸಂದ ಗೌರವ, ನಿಂತ ಮರವನ್ನು ನಿಲ್ಲಿಸಿಡುವ ಕೈಗೂ ಸಲ್ಲಬೇಕು.

ಬೇರೆ ದೇಶಗಳಲ್ಲಿ ಸಂದಿದೆ. ಜಾನ್ ಡೇವಿ ಎಂಬವರು ‘ದಿ ಟ್ರೀ ಡಾಕ್ಟರ್’ ಪುಸ್ತಕ ತಂದದ್ದು 1901ರಲ್ಲಿ. ಅಮೆರಿಕದಲ್ಲಿ 1924ರಲ್ಲಿ ಹುಟ್ಟಿದ ವೃಕ್ಷಪಾಲಕರ ಅಂತರರಾಷ್ಟ್ರೀಯ ಸಂಘ 1992ರಿಂದ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಿದೆ. ಸಾಮಾನ್ಯವಾಗಿ ಮೂರು ವರ್ಷ ಮರದ ಕೆಲಸ ಮಾಡಿದವರಿಗೇ ಆ ಪರೀಕ್ಷೆ. ಹಾಗಂತ ಇದು ಹೊರಗಿನ ವಿದ್ಯೆಯಲ್ಲ. ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದದ್ದು ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಅದರಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಚಾಲುಕ್ಯರ ಕಾಲದ ಶಾಸನಗಳು ಮಿರಿಂಜೆ-3000 ಎಂದು ಕರೆಯುವ ನಾಡು ಇದೇ ಮಿರಜಿನ ಸುತ್ತಲಿನದು. ಸಾವಿರ ವರ್ಷದ ಹಿಂದೆ ಪುಸ್ತಕದಲ್ಲಿ ಜಾಗ ಪಡೆದ ವಿದ್ಯೆ ಇಂದು ಕೂಲಿಯ ಚೀಟಿಯಲ್ಲೂ ಜಾಗ ಪಡೆದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಕಾನೂನು ನೋಡಿದರೂ ಇದೇ ಕತೆ. ಮಹಾರಾಷ್ಟ್ರದ ನಗರಗಳಿಗೆ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕರ್ನಾಟಕಕ್ಕೆ 1976ರದ್ದು. ಮರ ಕಡಿಯಲು ಅನುಮತಿ ಬೇಕು, ಅದಕ್ಕೊಬ್ಬ ವೃಕ್ಷ ಅಧಿಕಾರಿ, ವೃಕ್ಷ ಪ್ರಾಧಿಕಾರ. 2021ರ ತಿದ್ದುಪಡಿ ಮಹಾರಾಷ್ಟ್ರದಲ್ಲಿ 50 ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷ ಎಂದಿತು. ಅರ್ಜಿಯಲ್ಲಿ ಮಾಲೀಕರ ಹೆಸರಿದೆ, ಮರದ ಜಾತಿಯಿದೆ. ಏರುವವರು ಯಾರು, ಅವರಿಗೆ ತರಬೇತಿ ಆಗಿದೆಯೇ, ವಿಮೆ ಇದೆಯೇ ಎಂಬ ಸಾಲುಗಳೂ ಅಲ್ಲಿರಬೇಕು.

ಭೋಸೆಯ ಆಲದಮರ ನೆನಪಾಗುತ್ತದೆ. ಮಿರಜ ತಾಲೂಕಿನ ಆ ಹಳ್ಳಿಯಲ್ಲಿ ಯಲ್ಲಮ್ಮನ ಗುಡಿಯ ಮಗ್ಗುಲಲ್ಲಿ ನಿಂತಿದ್ದ ಅದಕ್ಕೆ 400 ವರ್ಷ ಎನ್ನುತ್ತಿದ್ದರು. ರತ್ನಾಗಿರಿ–ನಾಗಪುರ ಹೆದ್ದಾರಿಗೆ ಅಡ್ಡ ಬಂದಾಗ 2020ರಲ್ಲಿ ಜನ ಎದ್ದುನಿಂತರು. ರಾಜ್ಯದ ಆಗಿನ ಪರಿಸರ ಸಚಿವ ಆದಿತ್ಯ ಠಾಕ್ರೆ ಅವರು ಕೇಂದ್ರದ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರಿಗೆ ಬರೆದರು, ರಸ್ತೆಯ ದಿಕ್ಕೇ ಸರಿಯಿತು. ದೇಶವೆಲ್ಲ ಖುಷಿಪಟ್ಟಿತು. 2022ರ ಜೂನ್‌ನ ಮಳೆಗಾಳಿಗೆ ಆ ಮರ ಉರುಳಿತು.

ಕೊಡಲಿಯಿಂದ ತಪ್ಪಿಸಿದ ಮಾತ್ರಕ್ಕೆ ಮುಪ್ಪಿನ ಮರ ಉಳಿಯುವುದಿಲ್ಲ. ಅದರ ಭಾರ ತೂಗಿಸಬೇಕು, ಬಾಗಿದ ಕೊಂಬೆಗೆ ಆಸರೆ ಕೊಡಬೇಕು, ಬೇರಿನ ಮೇಲಿನ ಮಣ್ಣು ಗಟ್ಟಿಯಾಗದಂತೆ ಕಾಯಬೇಕು, ಬಿಳಲುಗಳನ್ನು ನೆಲಕ್ಕೆ ಮುಟ್ಟಿಸಬೇಕು. ತೆಲಂಗಾಣದ ಮಹಬೂಬನಗರದ ಪಿಲ್ಲಲಮರ್ರಿ ಆಲಕ್ಕೆ ಗೆದ್ದಲು ಹತ್ತಿದಾಗ 2018ರಲ್ಲಿ ರೋಗಿಗೆ ಸಲೈನ್ ಏರಿಸಿದಂತೆ ಬಾಟಲಿ ಕಟ್ಟಿ ಔಷಧ ಇಳಿಸಿದರು, ಕೊಂಬೆಗಳಿಗೆ ಊರೆಗಂಬ ಕೊಟ್ಟರು. ಅಂಥ ಕೆಲಸಕ್ಕೆ ತಿಂಗಳ ಸಂಬಳದ ಜನ ಬೇಕು, ಮಳೆಗಾಲದ ಹಿಂದಿನ ದಿನ ಟೆಂಡರಿನಲ್ಲಿ ಬಂದು ಹೋಗುವವರಲ್ಲ. ದ್ರಾಕ್ಷಿ ಕಲಿಸಿದ ಕೈಗಳು ಇದೇ ತಾಲೂಕಿನಲ್ಲಿವೆ. ಎರಡು ಛಾಟಣಿಗಳ ನಡುವಿನ ತಿಂಗಳುಗಳಲ್ಲಿ ಅವರನ್ನು ಕರೆದು, ಹಗ್ಗ, ಹೆಲ್ಮೆಟ್ ಕೊಟ್ಟು, ದಿನಗೂಲಿಯನ್ನು ಕಟ್ಟಿಗೆಯಿಂದ ಬಿಡಿಸಿ ಗೊತ್ತುಮಾಡಿದರೆ ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆಗೆ ವೃಕ್ಷವೈದ್ಯರ ಪಡೆಯೇ ಸಿಕ್ಕೀತು.

ಹುಣಸೆಮರ ಬೋಳಾಗಲಿಲ್ಲ. ಅಕ್ಕ ಮತ್ತು ಎರಡನೇ ಮಹಡಿಯ ಬಾಯಿ ಕೂಡಿ ಜಗಳಾಡಿ ನಾಲ್ಕೇ ಟೊಂಗೆಗೆ ಒಪ್ಪಿಸಿದರು. ಕಟ್ಟಿಗೆ ಕಡಿಮೆಯಾದದ್ದಕ್ಕೆ ರೊಕ್ಕ ಹೆಚ್ಚು ಕೊಡಬೇಕೆಂದೂ ಹಟ ಹಿಡಿದರು. ಸಂಜೆ ಅಕ್ಕ ಸೊಸೈಟಿಯ ಜಮಾಖರ್ಚಿನ ವಹಿ ನೋಡಿದಳು. ಆ ದಿನದ ಕೂಲಿ ‘ಕಸ ಸಾಗಣೆ’ ಎಂಬ ಬಾಬಿನಲ್ಲಿ ಬಿದ್ದಿತ್ತು. ‘ಇದನ್ನ ತಿದ್ದರಿ’ ಎಂದಳು. ಬರೆಯುವ ಹುಡುಗ ಪೆನ್ನು ಹಿಡಿದು, ‘ಏನಂತ ಬರೀಲಿ ಅಕ್ಕಾ? ಇದಕ್ಕ ಬ್ಯಾರೆ ಬಾಬ ಇಲ್ಲ’ ಎಂದ.

‘ಹೊಸಾ ಪಾನ ತಗಿ’ ಎಂದಳು ಅಕ್ಕ. ‘ಗಿಡದ ಆರೈಕಿ ಅಂತ ಬರಿ. ಅವರ ಹೆಸರು ಕೇಳ್ಕೊಂಡ ಬಂದು, ಮುಂದ ಅದನ್ನೂ ಬರಿ.’